ಅಂಗನವಾಡಿಯಲ್ಲಿ ಪುಕ್ಕಟೆ, ಕ್ಲಿನಿಕ್‌ನಲ್ಲಿ 3,800: ಲಸಿಕೆಗೆ ದರ ಕಟ್ಟೋದು ಹೇಗೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ಮಗಳಿಗೆ ಈಗ ಎರಡೂವರೆ ತಿಂಗಳು. ಒಂದೂವರೆ ತಿಂಗಳಿಗೆ ಅಂಗನವಾಡಿಯಲ್ಲಿ ಗುರುವಾರ ಲಸಿಕೆ ಹಾಕಿಸಿದೆವು. ಐದು ರೋಗ ತಡೆಯುವ ಪೆಂಟಾ, ಪೋಲಿಯೊ, ಭೇದಿ ತಡೆಯುವ ರೋಟಾ, ನ್ಯುಮೋನಿಯಾದ ಪಿಸಿವಿ, ಎಲ್ಲ ಪುಕ್ಕಟೆ. ಮೊನ್ನೆ ಕೆಮ್ಮು ಅಂತ ಪೇಟೆಯ ಖಾಸಗಿ ಕ್ಲಿನಿಕ್‌ಗೆ ಹೋದಾಗ ಅಲ್ಲಿಯವರು, "ಪಿಸಿವಿ ನಮ್ಮಲ್ಲಿ ಡೋಸಿಗೆ ಸುಮಾರು 3,800. ನಾಲ್ಕು ಡೋಸ್ ಬೇಕು. ಸರ್ಕಾರದವರು ಮೂರೇ ಕೊಡೋದು" ಅಂದರು. ಮಾವ ಹೇಳುತ್ತಾರೆ, "ಕಡಿಮೆ ದರದ ಮಾಲು ತಂದು ಹಾಕ್ತಾರೆ, ಅದಕ್ಕೇ ಪುಕ್ಕಟೆ" ಅಂತ. ಗಂಡ ಹೇಳುತ್ತಾರೆ, "ಸರ್ಕಾರವೂ ಅಷ್ಟೇ ದುಡ್ಡು ಕೊಟ್ಟು ತರ್ತದೆ, ನಡುವೆ ಯಾರೋ ತಿಂತಾರೆ" ಅಂತ. ಸರ್ಕಾರ ನಿಜವಾಗಿ ಎಷ್ಟು ಕೊಡುತ್ತದೆ? ಇಷ್ಟು ಅಂತರ ಯಾಕೆ? ಮುಂದಿನ ಡೋಸ್ ಎಲ್ಲಿ ಹಾಕಿಸಲಿ?

ಉತ್ತರ: ನೀವು ಕೇಳಿದ್ದು ಮೂರು ಪ್ರಶ್ನೆ. ಆದರೆ ಒಳಗಿನ ಚಿಂತೆ ಒಂದೇ ಅಲ್ವಾ? ಕಡಿಮೆ ದರಕ್ಕೆ ಬಂದದ್ದನ್ನು ಮಗುವಿಗೆ ಹಾಕಿಸಿ ತಪ್ಪು ಮಾಡಿದೆನಾ ಅಂತ. ತಪ್ಪು ಮಾಡಿಲ್ಲ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಮಾವ, ಗಂಡ ಇಬ್ಬರೂ ಒಪ್ಪಬೇಕಲ್ಲ, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ನಾನು ಕರಾವಳಿಯ ಪಿಎಚ್‌ಸಿಯಲ್ಲಿ ಕೆಲಸ ಶುರು ಮಾಡಿ, ಆಮೇಲೆ ಹಲವು ವರ್ಷ ಲಸಿಕೆ ಉಗ್ರಾಣದ ಲೆಕ್ಕ ನೋಡಿಕೊಂಡವನು. ಈ ದರದ ಜಗಳ ನನಗೆ ಹೊಸತಲ್ಲ.

2021 ನೆನಪಿದೆಯಾ? ಕೋವಿಶೀಲ್ಡ್. ಪುಣೆಯ ಒಂದೇ ಕಂಪನಿ, ಒಂದೇ ಮದ್ದು. ಕೇಂದ್ರ ಸರ್ಕಾರಕ್ಕೆ ಡೋಸಿಗೆ 150 ರೂಪಾಯಿ. ರಾಜ್ಯ ಸರ್ಕಾರಗಳಿಗೆ ಮೊದಲು 400 ಅಂದರು, ಗಲಾಟೆ ಆದ ಮೇಲೆ 300. ಖಾಸಗಿ ಆಸ್ಪತ್ರೆಗೆ 600. ಆಸ್ಪತ್ರೆಯಲ್ಲಿ ನಾವು ನೀವು ಹಾಕಿಸಿಕೊಂಡಾಗ ತೆರಿಗೆ, ಸೇವಾ ಶುಲ್ಕ ಎಲ್ಲ ಸೇರಿ 780. ಆರುನೂರು ಕೊಟ್ಟವರಿಗೆ ನಾಲ್ಕು ಪಟ್ಟು ಒಳ್ಳೆ ಲಸಿಕೆ ಸಿಕ್ಕಿತಾ? ಇಲ್ಲವಲ್ಲ. ಬಾಟಲಿಯೊಳಗಿನದು ಅದೇ. ಬದಲಾಗಿದ್ದು ಯಾರು ಕೊಳ್ಳುತ್ತಿದ್ದಾರೆ, ಎಷ್ಟು ಕೊಳ್ಳುತ್ತಿದ್ದಾರೆ, ಅವರಿಗೆ ಬೇರೆ ದಾರಿ ಇದೆಯಾ ಅನ್ನೋದು ಮಾತ್ರ.

ಅದೇ ವರ್ಷ ಇನ್ನೊಂದು ತಮಾಷೆ ಆಯಿತು. ತಮಾಷೆ ಅನ್ನಬಾರದು, ಆಗ ಎಲ್ಲರಿಗೂ ಜೀವಭಯ. ರಾಜ್ಯಗಳು ತಾವೇ ಕೊಳ್ಳಿ ಅಂತ ಬಿಟ್ಟಾಗ ಒಂದೊಂದು ರಾಜ್ಯ ಬೇರೆ ಬೇರೆಯಾಗಿ ಜಾಗತಿಕ ಟೆಂಡರ್ ಕರೆಯಿತು. ಕರ್ನಾಟಕವೂ ಕರೆಯಿತು, 2 ಕೋಟಿ ಡೋಸಿಗೆ. ಕೈಗೆ ಏನೂ ಬರಲಿಲ್ಲ. ಮಾಲು ಕಡಿಮೆ ಇದ್ದು ಕೊಳ್ಳುವವರು ಹತ್ತಾರು ಜನ ಸಾಲಲ್ಲಿ ನಿಂತರೆ ಮಾರುವವನು ಯಾಕೆ ಇಳಿಯುತ್ತಾನೆ? ಜೂನ್‌ನಲ್ಲಿ ಕೇಂದ್ರ ಮತ್ತೆ ಖರೀದಿಯನ್ನು ತನ್ನ ಕೈಗೆ ತೆಗೆದುಕೊಂಡಿತು.

ಮಕ್ಕಳ ಲಸಿಕೆಯಲ್ಲಿ ನಮ್ಮ ದೇಶ ಮೊದಲಿಂದಲೂ ಒಟ್ಟಾಗಿ ಒಂದೇ ಕೈಯಿಂದ ಕೊಳ್ಳುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯ ಟೆಂಡರ್ ಮಾಡಿ ಕೊಂಡು ರಾಜ್ಯಗಳಿಗೆ ಕಳಿಸುತ್ತದೆ. ಬೆಂಗಳೂರಿಗೆ ಬರುತ್ತದೆ, ವಿಭಾಗದ ಉಗ್ರಾಣಕ್ಕೆ ಹೋಗುತ್ತದೆ, ಅಲ್ಲಿಂದ ಕಾರವಾರ, ಆಮೇಲೆ ನಿಮ್ಮ ಪಿಎಚ್‌ಸಿ. ಇದನ್ನು ನಿಮ್ಮ ಗಂಡನಿಗೆ ಹೇಳಿ. ಜಿಲ್ಲೆಗೆ ಬರುವುದು ಬಾಟಲಿಗಳು, ಅದನ್ನು ಕೊಳ್ಳುವ ದುಡ್ಡಲ್ಲ. ದರದಲ್ಲಿ ಕೈಯಾಡಿಸಲು ಇಲ್ಲಿ ಯಾರಿಗೂ ಅವಕಾಶವೇ ಇಲ್ಲ. ಸರ್ಕಾರಿ ಖರೀದಿ ಅಂದ ಮೇಲೆ ಎಲ್ಲೂ ಕೊಳೆ ಇರೋದಿಲ್ಲ ಅಂತ ನಾನು ಹೇಳೋದಿಲ್ಲ, ಅಷ್ಟು ಹುಂಬನಲ್ಲ. ಆದರೆ ನೀವು ಕೇಳಿದ 3,800ರ ಅಂತರಕ್ಕೆ ಕಾರಣ ಅದಲ್ಲ.

ಎಷ್ಟು ಕೊಡುತ್ತದೆ ಅಂದಿರಿ. ಪಿಸಿವಿಯನ್ನೇ ತೆಗೆದುಕೊಳ್ಳೋಣ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಮಾಡುವ ನ್ಯೂಮೋಸಿಲ್ ಅನ್ನೋ ಪಿಸಿವಿಗೆ 2020ರಲ್ಲಿ ಬಡ ದೇಶಗಳ ಪರವಾಗಿ ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್ ಜೊತೆ ಆದ ಒಪ್ಪಂದದ ದರ ಡೋಸಿಗೆ 2 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 150 ರೂಪಾಯಿ. ದೊಡ್ಡ ಖರೀದಿಯಲ್ಲಿ ಪಿಸಿವಿ ದರ ಅಂದರೆ ಈ ಮಟ್ಟದ್ದು. ಅಮೆರಿಕದ ಖಾಸಗಿ ಮಾರುಕಟ್ಟೆಯಲ್ಲಿ ಇದೇ ಜಾತಿಯ ಲಸಿಕೆಯ ಒಂದು ಡೋಸಿಗೆ 200 ಡಾಲರಿಗೂ ಜಾಸ್ತಿ. ನಿಮ್ಮ ಪೇಟೆಯ 3,800 ಈ ಎರಡರ ನಡುವೆ ಎಲ್ಲೋ ಕೂತಿದೆ.

ಈಗ ಯಾಕೆ ಅನ್ನೋದು. ತದಡಿ ಬಂದರಕ್ಕೆ ಬೋಟು ಬಂದಾಗ ಇಡೀ ಬೋಟಿನ ಬಂಗಡೆ ಒಬ್ಬನೇ ಎತ್ತುವ ದರ ಬೇರೆ, ಮನೆ ಬಾಗಿಲಿಗೆ ಬಂದ ಬುಟ್ಟಿಯಿಂದ ನಾವು ಐದಾರು ತೆಗೆದುಕೊಳ್ಳುವ ದರ ಬೇರೆ. ಇದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಲಸಿಕೆಯಲ್ಲಿ ಈ ಅಂತರ ಇನ್ನೂ ಹೆಚ್ಚು. ಯಾಕೆಂದರೆ ಲಸಿಕೆ ಮಾಡುವ ಖರ್ಚಿನ ಬಹುಪಾಲು ಮೊದಲ ಬಾಟಲಿ ಹೊರಬರುವ ಮೊದಲೇ ಆಗಿಹೋಗಿರುತ್ತದೆ. ಕಾರ್ಖಾನೆ ಕಟ್ಟಬೇಕು. ಸಾವಿರಾರು ಮಕ್ಕಳ ಮೇಲೆ ಪರೀಕ್ಷೆ ಮಾಡಿ ತೋರಿಸಬೇಕು. ಪಿಸಿವಿಯಂಥದ್ದಾದರೆ ಹತ್ತು ಬಗೆಯ ಬ್ಯಾಕ್ಟೀರಿಯಾವನ್ನು ಬೇರೆ ಬೇರೆ ಬೆಳೆಸಿ, ಒಂದೊಂದರ ಹೊರಕವಚದ ಸಕ್ಕರೆ ತೆಗೆದು, ಅದನ್ನು ಪ್ರೋಟೀನಿಗೆ ಅಂಟಿಸಿ, ಆಮೇಲೆ ಎಲ್ಲ ಒಟ್ಟು ಮಾಡಬೇಕು, ಹೆಸರಿಗೆ ಒಂದು ಲಸಿಕೆ, ಮಾಡುವವರಿಗೆ ಹತ್ತು ಲಸಿಕೆಯ ಕೆಲಸ. ಈ ಖರ್ಚನ್ನು ಒಂದು ಲಕ್ಷ ಡೋಸಿನ ಮೇಲೆ ಹಂಚಿದರೆ ಒಂದು ದರ, ಹತ್ತು ಕೋಟಿಯ ಮೇಲೆ ಹಂಚಿದರೆ ಇನ್ನೊಂದು. ನಮ್ಮಲ್ಲಿ ವರ್ಷಕ್ಕೆ ಸುಮಾರು ಎರಡೂವರೆ ಕೋಟಿ ಮಕ್ಕಳು ಹುಟ್ಟುತ್ತಾರೆ. ಮಗುವಿಗೆ ಮೂರರಂತೆ ಹಿಡಿದರೆ ಪಿಸಿವಿ ಒಂದಕ್ಕೇ ಏಳೆಂಟು ಕೋಟಿ ಡೋಸ್. ಅಷ್ಟು ಕೊಳ್ಳುವವನ ಮಾತು ನಡೆಯುತ್ತದೆ.

ಆದರೆ ಬರೀ ಸಂಖ್ಯೆಯಿಂದ ದರ ಇಳಿಯೋದಿಲ್ಲ. ಮಾರುವವನು ಒಬ್ಬನೇ ಇದ್ದರೆ ನೀವು ಎಷ್ಟು ಕೋಟಿ ಕೇಳಿದರೂ ಅವನು ಹೇಳಿದ್ದೇ ದರ. ನನ್ನ ಅನುಭವದಲ್ಲಿ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ.

ಹೆಪಟೈಟಿಸ್ ಬಿ ಕತೆ ಕೇಳಿ. ತೊಂಬತ್ತರ ದಶಕದಲ್ಲಿ ಅದು ಹೊರದೇಶದಿಂದ ಬರುತ್ತಿತ್ತು, ನೂರಾರು ರೂಪಾಯಿ. ನಾವು ಮೆಡಿಕಲ್ ಓದಿದವರೇ ಮೂರು ಡೋಸ್ ಹಾಕಿಸಿಕೊಳ್ಳಲು ಸಂಬಳದ ದಿನ ಕಾಯುತ್ತಿದ್ದೆವು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಅದನ್ನು ಇಲ್ಲೇ ಮಾಡಿ 50 ರೂಪಾಯಿ ಆಸುಪಾಸಿಗೆ ಬಿಟ್ಟಿತು. ಅದಾದ ಮೇಲೆ ಬೇರೆ ಕಂಪನಿಗಳೂ ಇಳಿದವು, ದರ ಬಿದ್ದಿತು. ಸರ್ಕಾರ ಅದನ್ನು ಎಲ್ಲ ಮಕ್ಕಳಿಗೂ ಪುಕ್ಕಟೆ ಕೊಡುವ ಯೋಚನೆ ಮಾಡಲು ಆದದ್ದೇ ಆಮೇಲೆ. ನಿಮ್ಮ ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ತೊಡೆಗೆ ಹಾಕಿದರಲ್ಲ, ಅದೇ ಇದು.

ಪೆಂಟಾದ್ದೂ ಅದೇ ಕತೆ. 2001ರ ಹೊತ್ತಿಗೆ ಅದನ್ನು ಯುನಿಸೆಫ್‌ಗೆ ಕೊಡುತ್ತಿದ್ದದ್ದು ಒಂದೇ ಕಂಪನಿ. ಡೋಸಿಗೆ ಸುಮಾರು ಮೂರೂವರೆ ಡಾಲರ್. ಹಲವು ವರ್ಷ ಹಾಗೇ ಇತ್ತು. ಆಮೇಲೆ ಪುಣೆ, ಹೈದರಾಬಾದಿನ ಕಂಪನಿಗಳು ಬಂದವು. 2016ರಲ್ಲಿ ಯುನಿಸೆಫ್ ಮಾಡಿದ ಖರೀದಿಯಲ್ಲಿ ಸರಾಸರಿ ದರ 84 ಸೆಂಟ್. ಐದು ರೋಗದ ಮದ್ದಿಗೆ ಒಂದು ಡಾಲರೂ ಇಲ್ಲ. ಇನ್ನೊಂದು ವಿಷಯ, ಯುನಿಸೆಫ್ 2011ರಿಂದ ತಾನು ಯಾರಿಗೆ ಎಷ್ಟು ಕೊಡುತ್ತೇನೆ ಅಂತ ಬಹಿರಂಗವಾಗಿ ಹಾಕುತ್ತಿದೆ. ಪಕ್ಕದವನು ಎಷ್ಟಕ್ಕೆ ಕೊಂಡ ಅಂತ ಗೊತ್ತಾದರೆ ಚೌಕಾಸಿ ಮಾಡುವವನಿಗೆ ಧೈರ್ಯ ಬರುತ್ತದೆ ತಾನೆ? ಶಿರಸಿಯಲ್ಲಿ ಅಡಿಕೆ ಟೆಂಡರಿನ ದರ ಸಂಜೆಯೊಳಗೆ ಊರೂರಿಗೆ ಗೊತ್ತಾಗಿರುತ್ತದೆ. ಹಾಗೆ.

ಪೇಟೆಂಟ್ ಇದ್ದರೆ ಎರಡನೆಯ ಮಾರಾಟಗಾರ ಬರೋದೇ ಕಷ್ಟ. 13 ಬಗೆಯ ಪಿಸಿವಿಗೆ ನಮ್ಮ ದೇಶದಲ್ಲೂ 2017ರಲ್ಲಿ ಫೈಜರ್ ಕಂಪನಿಗೆ ಪೇಟೆಂಟ್ ಸಿಕ್ಕಿತು, ವೈದ್ಯರ ಸಂಘಟನೆ ಎಂಎಸ್ಎಫ್ ಅದಕ್ಕೆ ತಕರಾರು ಹಾಕಿದ್ದರೂ. ಆಮೇಲೆ ಸೀರಂನವರು ತಮ್ಮದೇ ಹತ್ತು ಬಗೆಯದ್ದನ್ನು ಮಾಡಿ ತಂದರು. 2021ರಲ್ಲಿ ಪಿಸಿವಿ ಇಡೀ ದೇಶದ ಮಕ್ಕಳಿಗೆ ಶುರುವಾಯಿತು. ಅದಕ್ಕೂ ಮುಂಚೆ ನಾಲ್ಕು ವರ್ಷ ಅದು ಕೆಲವೇ ರಾಜ್ಯಗಳಲ್ಲಿತ್ತು.

ಇನ್ನು ಖಾತ್ರಿ. ಒಬ್ಬ ತಯಾರಕ ಕಾರ್ಖಾನೆ ಕಟ್ಟಿದ ಮೇಲೆ ಕೊಳ್ಳುವವನು ಕೈ ಎತ್ತಿದರೆ ಅವನ ಗತಿ? ಆ ಭಯವನ್ನೂ ಅವನು ದರಕ್ಕೆ ಸೇರಿಸುತ್ತಾನೆ. ಅದಕ್ಕೇ 2009ರಲ್ಲಿ ಕೆಲವು ದೇಶಗಳು ಮತ್ತು ಗೇಟ್ಸ್ ಫೌಂಡೇಶನ್ ಸೇರಿ ಪಿಸಿವಿಗಾಗಿ 150 ಕೋಟಿ ಡಾಲರ್ ಮುಂಚೆಯೇ ಎತ್ತಿಟ್ಟವು. ಮದ್ದು ಮಾಡಿ, ಕೊಳ್ಳುತ್ತೇವೆ, ಆದರೆ ಕೊನೆಗೆ ಮೂರೂವರೆ ಡಾಲರಿಗಿಂತ ಮೇಲೆ ಹೋಗಬಾರದು ಅನ್ನೋ ಕರಾರು. ಕಂಪನಿಗಳಿಗೆ ಅದರಿಂದ ಬಹಳ ಲಾಭ ಆಯಿತು ಅಂತ ಬೈದವರೂ ಇದ್ದಾರೆ. ಅವರ ಮಾತಲ್ಲೂ ಹುರುಳಿದೆ. ಆದರೆ ಮದ್ದು ಬಂತು.

ಬಾಟಲಿಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ, ಇದನ್ನು ಯಾರೂ ಗಮನಿಸೋದಿಲ್ಲ. ಕ್ಲಿನಿಕ್‌ನಲ್ಲಿ ಬರೋದು ಒಂದೇ ಡೋಸ್, ಸಿರಿಂಜಿನಲ್ಲೇ ತುಂಬಿ, ಚೆಂದದ ಡಬ್ಬದಲ್ಲಿ. ಅಂಗನವಾಡಿಗೆ ಬರೋದು ಐದು, ಹತ್ತು ಡೋಸಿನ ಬಾಟಲಿ. ಗಾಜು, ತುಂಬುವ ಖರ್ಚು, ಫ್ರಿಜ್ಜಿನ ಜಾಗ ಎಲ್ಲ ಹಂಚಿಹೋಗುತ್ತದೆ. ಅದಕ್ಕೆ ಇನ್ನೊಂದು ಮುಖ ಇದೆ. ಪೆಂಟಾ, ಪಿಸಿವಿ ಬಾಟಲಿ ತೆರೆದರೂ ಸರಿಯಾಗಿ ತಂಪಲ್ಲಿಟ್ಟರೆ 28 ದಿನ ಬಳಸಬಹುದು. ದಡಾರ-ರುಬೆಲ್ಲಾದ ಎಂಆರ್, ಬಿಸಿಜಿ ಹಾಗಲ್ಲ, ಪುಡಿಗೆ ನೀರು ಬೆರೆಸಿದ ಮೇಲೆ ನಾಲ್ಕು ತಾಸು ಅಷ್ಟೇ. ಘಟ್ಟದ ಮೇಲಿನ ಒಂದು ಮಜರೆಯಲ್ಲಿ ಮಳೆಗಾಲದ ಒಂದು ಗುರುವಾರ ಬಂದಿದ್ದು ಎರಡೇ ಮಕ್ಕಳು. ಸಿಸ್ಟರ್ ನನ್ನ ಮುಖ ನೋಡಿದರು, ತೆರೆಯಲಾ ಬೇಡವಾ ಅಂತ. ತೆರೆದೆವು. ಐದರಲ್ಲಿ ಮೂರು ಡೋಸ್ ಚೆಲ್ಲಿದೆವು. ಲೆಕ್ಕ ಕೇಳುವವರು ಆಮೇಲೆ ಕೇಳಲಿ, ಆ ಮಕ್ಕಳು ಮತ್ತೆ ಹೊಳೆ ದಾಟಿ ಬರಬೇಕಿತ್ತಲ್ಲ. ಅಂದರೆ ಟೆಂಡರಿನ ಕಾಗದದಲ್ಲಿ ಇರುವ ದರ ಬೇರೆ, ನಮ್ಮ ಜಿಲ್ಲೆಯಲ್ಲಿ ಮಗುವಿನ ತೋಳಿಗೆ ತಲುಪುವ ಹೊತ್ತಿಗೆ ಆಗುವ ಖರ್ಚು ಬೇರೆ. ಐಸ್ ಪ್ಯಾಕ್, ಲಸಿಕೆ ಇಡುವ ಐಎಲ್ಆರ್ ಫ್ರಿಜ್ಜು, ಜನರೇಟರ್, ಅರಬೈಲ್ ಘಟ್ಟ ಹತ್ತುವ ಗಾಡಿ, ಎಲ್ಲದಕ್ಕೂ ದುಡ್ಡು. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದದ್ದು ನಿಮಗೇ ಗೊತ್ತು. ಅಂಥ ದಿನಗಳ ಸುತ್ತುದಾರಿಯ ಖರ್ಚು ಯಾವ ಟೆಂಡರಿನಲ್ಲೂ ಬರೆದಿರೋದಿಲ್ಲ.

ಹಾಗಾದರೆ ಎಷ್ಟು ಅಗ್ಗವೋ ಅಷ್ಟು ಒಳ್ಳೆಯದಾ? ಇಲ್ಲ. ಮಾವ ಹೆದರಬೇಕಾದದ್ದು ನನ್ನ ಪ್ರಕಾರ ಇಲ್ಲಿ, ಗುಣಮಟ್ಟಕ್ಕಲ್ಲ. ದರ ತೀರಾ ಹಿಂಡಿದರೆ ಸಣ್ಣ ಕಂಪನಿಗಳು ಬೇಸತ್ತು ಬಿಟ್ಟು ಹೋಗುತ್ತವೆ. ಕೊನೆಗೆ ಉಳಿಯೋದು ಒಬ್ಬರೋ ಇಬ್ಬರೋ. ಆ ಒಂದು ಕಾರ್ಖಾನೆಯ ಒಂದು ಬ್ಯಾಚ್ ಕೆಟ್ಟರೆ ದೇಶದಾದ್ಯಂತ ಖಾಲಿ. ಪೋಲಿಯೊ ಇಂಜೆಕ್ಷನ್‌ನಲ್ಲಿ ಹೀಗೆ ಕೊರತೆ ಆಗಿತ್ತು, ಅಲ್ಲಿ ಕಾರಣ ಸ್ವಲ್ಪ ಬೇರೆ. ಎಲ್ಲ ದೇಶಗಳೂ ಒಟ್ಟಿಗೇ ಶುರು ಮಾಡಬೇಕು ಅಂತ ತೀರ್ಮಾನ ಆಯಿತು, ಮಾಡುವವರು ಬೆರಳೆಣಿಕೆ ಜನ, ಹೇಳಿದಷ್ಟು ಮಾಡಲು ಅವರಿಂದ ಆಗಲಿಲ್ಲ. ಆಗ ನಮ್ಮವರು 2016ರಲ್ಲಿ ಒಂದು ಜಾಣತನ ಮಾಡಿದರು. ಅರ್ಧ ಮಿಲಿಲೀಟರ್ ಸ್ನಾಯುವಿಗೆ ಹಾಕುವ ಬದಲು ಅದರ ಐದನೇ ಒಂದು ಭಾಗವನ್ನು ಚರ್ಮದೊಳಗೇ ಹಾಕೋದು, ಆಗ ಎರಡು ಸಲ, 2023ರಿಂದ ಮೂರು ಸಲ. ನಿಮ್ಮ ಮಗಳ ಬಲತೋಳಿಗೆ ಸಣ್ಣ ಗುಳ್ಳೆ ಏಳುವ ಹಾಗೆ ಚುಚ್ಚಿದರಲ್ಲ, ಅದೇ. ರಕ್ಷಣೆ ಚೆನ್ನಾಗಿ ಸಿಗುತ್ತದೆ ಅಂತ ಪರೀಕ್ಷೆ ಮಾಡಿ ನೋಡಿಯೇ ಮಾಡಿದ್ದು.

ನಮ್ಮ ಸರ್ಕಾರಿ ಕಾರ್ಖಾನೆಗಳ ಕತೆಯೂ ಇದಕ್ಕೆ ಸೇರಿದ್ದು. ಕಸೌಲಿ, ಕೂನೂರು, ಗಿಂಡಿ, ಮೂರು ಕಡೆ ಸರ್ಕಾರವೇ ಲಸಿಕೆ ಮಾಡುತ್ತಿತ್ತು. 2008ರಲ್ಲಿ ಉತ್ಪಾದನಾ ಕ್ರಮ ಸರಿ ಇಲ್ಲ ಅಂತ ಪರವಾನಗಿ ತಡೆದರು, ಎರಡು ವರ್ಷದ ಮೇಲೆ ವಾಪಸ್ ಕೊಟ್ಟರು. ಆ ನಡುವೆ ನಾವು ಉಗ್ರಾಣದವರು ಪಟ್ಟ ಪಾಡು ಹೇಳತೀರದು. ಕೈಯಲ್ಲಿ ಸ್ವಂತ ಕಾರ್ಖಾನೆ ಇದ್ದರೆ ಖಾಸಗಿಯವರ ಜೊತೆ ಮಾತಾಡುವ ದನಿಯೇ ಬೇರೆ.

ಇನ್ನು ಕೊಳ್ಳುವವರೇ ಕಡಿಮೆ ಇರುವ ಲಸಿಕೆಯ ಗತಿ ನೋಡಬೇಕಾದರೆ ದೂರ ಹೋಗೋದು ಬೇಡ, ಸಿದ್ದಾಪುರಕ್ಕೆ ಹೋಗಿ. ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ರೋಗ. ಅದು ಬರೋದು ಮಲೆನಾಡು, ಘಟ್ಟದ ಕೆಲವು ತಾಲೂಕಿನ ಬಡವರಿಗೆ, ಅಡಿಕೆ ತೋಟದವರಿಗೆ, ಸೊಪ್ಪು ಕಟ್ಟಿಗೆಗೆ ಕಾಡಿಗೆ ಹೋಗುವವರಿಗೆ. ಯಾವ ದೊಡ್ಡ ಕಂಪನಿ ಬರುತ್ತದೆ? ಬೆಂಗಳೂರಿನ ಹೆಬ್ಬಾಳದಲ್ಲಿ ಪಶುಗಳ ಲಸಿಕೆ ಮಾಡುವ ಸರ್ಕಾರಿ ಸಂಸ್ಥೆಯೇ ಅದನ್ನೂ ಮಾಡುತ್ತಿತ್ತು, ದಶಕಗಳ ಕಾಲ ಅದೇ ಹಳೆ ಲಸಿಕೆ. ಪರಿಣಾಮ ಸಾಲದು ಅಂತ 2022ರಲ್ಲಿ ಅದನ್ನೂ ನಿಲ್ಲಿಸಿದರು. ಈಗ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನೊಲಾಜಿಕಲ್ಸ್ ಅನ್ನೋ ಲಸಿಕೆ ಕಂಪನಿ ಸೇರಿ ಹೊಸದು ಮಾಡುತ್ತಿದ್ದಾರೆ. ಪಿಸಿವಿಗೆ ಇಷ್ಟು ಜನ ತಯಾರಕರು, ಇಷ್ಟು ಚೌಕಾಸಿ. ಇದಕ್ಕೆ ದರ ಕೇಳಲೂ ಒಂದು ಅಂಗಡಿ ಇಲ್ಲ.

ಗುಣಮಟ್ಟದ ಮಾತಿಗೆ ಬರೋಣ. ಅಂಗನವಾಡಿಗೆ ಬರಲಿ, ಕ್ಲಿನಿಕ್‌ಗೆ ಬರಲಿ, ಲಸಿಕೆಯ ಬ್ಯಾಚ್‌ಗಳು ಮಾರುಕಟ್ಟೆಗೆ ಬಿಡುವ ಮೊದಲು ಕಸೌಲಿಯ ಕೇಂದ್ರ ಔಷಧ ಪ್ರಯೋಗಾಲಯ ಒಪ್ಪಬೇಕು. ಬಡವರಿಗೊಂದು ಪರೀಕ್ಷೆ, ದುಡ್ಡಿದ್ದವರಿಗೊಂದು ಪರೀಕ್ಷೆ ಇಲ್ಲ.

ಆದರೆ ಎರಡೂ ಕಡೆ ಎಲ್ಲ ಒಂದೇ ಅಂತ ಹೇಳಿದರೆ ಅದೂ ಸುಳ್ಳು. ನಿಜವಾದ ವ್ಯತ್ಯಾಸ ಇಷ್ಟು. ಕ್ಲಿನಿಕ್‌ನ ಪಿಸಿವಿಯಲ್ಲಿ ಸಾಮಾನ್ಯವಾಗಿ 13 ಬಗೆ, ನ್ಯೂಮೋಸಿಲ್‌ನಲ್ಲಿ 10. ಆ ಹತ್ತನ್ನು ಸುಮ್ನೆ ಆರಿಸಿದ್ದಲ್ಲ, ನಮ್ಮಂಥ ದೇಶಗಳ ಮಕ್ಕಳಲ್ಲಿ ಜಾಸ್ತಿ ರೋಗ ತರುವವನ್ನು ನೋಡಿ ಆರಿಸಿದ್ದು. ಹೆಚ್ಚಿನ ಮೂರರಿಂದ ಸ್ವಲ್ಪ ಹೆಚ್ಚು ರಕ್ಷಣೆ ಸಿಗುತ್ತದೆ, ಹೌದು. 3,800ರಷ್ಟು ಹೆಚ್ಚು ಅಲ್ಲ. ಪೆಂಟಾದ ವಿಷಯದಲ್ಲೂ ಹೀಗೆ ಒಂದು ಇದೆ. ಕ್ಲಿನಿಕ್‌ಗಳಲ್ಲಿ "ನೋವಿಲ್ಲದ ಇಂಜೆಕ್ಷನ್" ಅಂತ ಕೊಡುತ್ತಾರಲ್ಲ, ಅದರಲ್ಲಿ ನಾಯಿಕೆಮ್ಮಿನ ಭಾಗ ಬೇರೆ ರೀತಿಯದ್ದು. ಜ್ವರ, ಊತ ಕಡಿಮೆ. ಆದರೆ ಅದರ ರಕ್ಷಣೆ ಬೇಗ ಕುಂದುತ್ತದೆ. ಅಂಗನವಾಡಿಯದ್ದರಲ್ಲಿ ಒಂದು ರಾತ್ರಿ ಮಗು ಅಳುತ್ತದೆ, ರಕ್ಷಣೆ ಜಾಸ್ತಿ ದಿನ ಇರುತ್ತದೆ. ಯಾವುದು ಮೇಲು ಅಂತ ನನ್ನನ್ನು ಕೇಳಿದರೆ ನನ್ನ ಮೊಮ್ಮಗಳಿಗೆ ಎರಡನೆಯದನ್ನೇ ಹಾಕಿಸಿದ್ದು. ಮಗ ಸೊಸೆ ಆ ರಾತ್ರಿ ನನಗೆ ಶಾಪ ಹಾಕಿದ್ದೂ ನಿಜ.

ಮೂರು ಡೋಸ್, ನಾಲ್ಕು ಡೋಸ್ ವಿಷಯ. ಸರ್ಕಾರ ದುಡ್ಡು ಉಳಿಸಲು ಒಂದು ಕಡಿಮೆ ಮಾಡಿತಾ? ದುಡ್ಡಿನ ಲೆಕ್ಕವೂ ಇದೆ, ಮುಚ್ಚಿಡೋದು ಯಾಕೆ? ಆದರೆ ಒಂದೂವರೆ ತಿಂಗಳು, ಮೂರೂವರೆ ತಿಂಗಳು, 9 ತಿಂಗಳಿಗೆ ಒಂದೊಂದರಂತೆ ಮೂರು ಕೊಟ್ಟರೆ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿದೆ. ಬ್ರಿಟನ್ನಿನಲ್ಲಿ 2020ರಿಂದ ಎರಡಕ್ಕೇ ಇಳಿಸಿದ್ದಾರೆ. ಅಲ್ಲಿ ಹಲವು ವರ್ಷ ಎಲ್ಲ ಮಕ್ಕಳಿಗೂ ಹಾಕಿ ಊರಲ್ಲಿ ಆ ರೋಗಾಣುವೇ ಕಡಿಮೆ ಆಗಿದೆ, ಆ ಮಾತು ಬೇರೆ.

ಈಗ ನೀವು ಏನು ಮಾಡಬಹುದು. ಒಂದು ದಾರಿ, ಅಂಗನವಾಡಿಯಲ್ಲೇ ಮುಂದುವರಿಸೋದು. ನನ್ನ ಸಲಹೆ ಇದೇ. ಇದರಲ್ಲಿ ಇರುವ ತೊಂದರೆ ಅಂದರೆ ಒಂದೊಂದು ಸಲ ಮಾಲು ಬಂದಿರೋದಿಲ್ಲ, ಮುಂದಿನ ವಾರ ಬನ್ನಿ ಅನ್ನುತ್ತಾರೆ. ಒಂದೆರಡು ವಾರ ತಡ ಆದರೆ ಚಿಂತೆ ಇಲ್ಲ, ಬಿಟ್ಟೇ ಬಿಡಬೇಡಿ. ಬರಲಿಲ್ಲ ಅಂದರೆ ಆಶಾ ಅಕ್ಕನನ್ನು ಕೇಳಿ ಪಿಎಚ್‌ಸಿಗೇ ಹೋಗಿ. ಎರಡನೆಯದು, ಕ್ಲಿನಿಕ್‌ಗೆ ಬದಲಾಯಿಸೋದು. ಮಾಡಬಹುದು, ಅಪಾಯ ಏನಿಲ್ಲ, ಜೇಬಿಗೆ ಬಿಟ್ಟು. ಹೋದರೆ ಕರೆಂಟ್ ಹೋದಾಗ ಫ್ರಿಜ್ಜಿಗೆ ಏನು ವ್ಯವಸ್ಥೆ ಅಂತ ಕೇಳಿ, ನಮ್ಮ ಮಳೆಗಾಲದಲ್ಲಿ ಇದು ಸಣ್ಣ ಪ್ರಶ್ನೆ ಅಲ್ಲ. ಎಂಆರ್‌ಪಿ ಅಂದರೆ ಗರಿಷ್ಠ ದರ, ಕಡಿಮೆ ಮಾಡಿ ಅಂತ ಕೇಳಲು ಸಂಕೋಚ ಬೇಡ. ಒಂದು ಕಂಪನಿಯ ಪಿಸಿವಿ ಶುರು ಮಾಡಿದರೆ ಅದರಲ್ಲೇ ಮುಗಿಸೋದು ಒಳ್ಳೆಯದು. ಸಿಗದೇ ಹೋದರೆ ಬೇರೆಯದ್ದು ಹಾಕಿಸಬಹುದು, ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಮಾಡಬಾರದ್ದು ಒಂದೇ, ಅಲ್ಲೊಂದು ಇಲ್ಲೊಂದು ಅಂತ ಹೇಳದೆ ಎರಡೂ ಕಡೆ ಹಾಕಿಸೋದು.

ಕೆಮ್ಮು ಹೇಗಿದೆ ಅಂತ ಬರೆಯಲಿಲ್ಲ ನೀವು. ಸಣ್ಣ ಶೀತ ಕೆಮ್ಮಿಗೆ ಲಸಿಕೆ ಮುಂದೂಡಬೇಕಾಗಿಲ್ಲ ತಂಗಿ. ಉಸಿರಾಟ ಜೋರಾಗಿದ್ದರೆ, ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಮೈ ಸುಡುತ್ತಿದ್ದರೆ, ಮೊಲೆ ಹಾಲು ಬಿಟ್ಟರೆ ಮಾತ್ರ ಅದೇ ದಿನ ಡಾಕ್ಟರಿಗೆ ತೋರಿಸಿ. ಪಿಸಿವಿಯ ಎರಡನೇ ಡೋಸ್ ಬರೋದು ಮೂರೂವರೆ ತಿಂಗಳಿಗೆ. ಈಗ ಎರಡೂವರೆಗೆ ಪೆಂಟಾ, ಪೋಲಿಯೊ ಹನಿ, ರೋಟಾ ಇವೆ, ಈ ಗುರುವಾರವೇ ಹೋಗಿ ಬನ್ನಿ. ತಾಯಿ ಕಾರ್ಡ್ ಮರೆಯಬೇಡಿ. ಕ್ಲಿನಿಕ್‌ಗೆ ಹೋದರೂ ಅದೇ ಕಾರ್ಡಿನಲ್ಲಿ ಬರೆಸಿ, ಲಸಿಕೆ ದಾಖಲಿಸುವ ಸರ್ಕಾರಿ ಜಾಲತಾಣ ಯು-ವಿನ್‌ನಲ್ಲಿ ಹೆಸರು ಸೇರಿದೆಯಾ ಅಂತ ಸಿಸ್ಟರ್ ಹತ್ತಿರ ಒಂದು ಮಾತು ಕೇಳಿ. ಮಾವನನ್ನೂ ಕರೆದುಕೊಂಡು ಹೋಗಿ. ಪೆಂಟಾ ಬಾಟಲಿಯ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ಬೆಳ್ಳಗಿದ್ದರೆ ಬಿಸಿ ತಾಗಿ ಕೆಟ್ಟಿಲ್ಲ ಅಂತ. ಸಿಸ್ಟರ್ ಹತ್ತಿರ ತೋರಿಸಿ ಅಂದರೆ ತೋರಿಸುತ್ತಾರೆ, ಅವರೇ ಕಣ್ಣಾರೆ ನೋಡಲಿ.